ನಾಳಿನ ಲೋಕದವರ ಸಮ್ಮೇಳನ



ಬರವಣಿಗೆ ಏಕಾಂತದ ಕೆಲಸ. ಕವಿಯಾಗಲಿ ಕಾದಂಬರಿಕಾರನಾಗಲಿ ತನ್ನ ಮೇಜಿನ ಮುಂದೆ ಒಬ್ಬನೇ ಕುಳಿತು ಬರೆಯುತ್ತಾನೆ. ಓದುಗನು ಇನ್ನೆಲ್ಲಿಯೋ, ಇನ್ನೆಂದೋ, ಅವನೂ ಒಬ್ಬನೇ ಕುಳಿತು ಓದುತ್ತಾನೆ. ಇಬ್ಬರ ನಡುವೆ ಇರುವುದು ಅಚ್ಚಾದ ಹಾಳೆ. ಈ ದೂರವನ್ನು ಸಹಜವೆಂದು ಒಪ್ಪಿಕೊಂಡು ಸಾಹಿತ್ಯ ಬಹುಕಾಲ ಬಾಳಿದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಒಂದು ಪತ್ರಿಕಾಸಾಹಿತ್ಯ ಮೊದಲಿನಿಂದಲೂ ಈ ದೂರವನ್ನು ಒಪ್ಪಲಿಲ್ಲ. ಅದು ವಿಜ್ಞಾನ ಕಥೆ. ಅದರ ಓದುಗರು ಲೇಖಕನನ್ನು ಹುಡುಕಿಕೊಂಡು ಹೋದರು, ತಮ್ಮತಮ್ಮಲ್ಲೇ ಒಬ್ಬರನ್ನೊಬ್ಬರು ಹುಡುಕಿಕೊಂಡರು, ಕೊನೆಗೆ ವರ್ಷಕ್ಕೊಮ್ಮೆ ಒಂದೆಡೆ ಸೇರುವ ಜಾತ್ರೆಯೊಂದನ್ನೇ ಕಟ್ಟಿಕೊಂಡರು. ವಿಶ್ವ ವಿಜ್ಞಾನ ಕಥಾ ಸಮ್ಮೇಳನವೆಂಬ ಆ ಜಾತ್ರೆಗೆ ಹೋದ ಲೇಖಕನಿಗೆ ಆಗುವ ಅನುಭವ ಎಂಥದು, ಅದರಿಂದ ಸಾಹಿತ್ಯಕ್ಕೆ ಆದ ಲಾಭವೇನು, ಅಲ್ಲಿ ಕಾಣಿಸಿಕೊಂಡ ಕೊರತೆಯೇನು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಇದಕ್ಕೆ ನಾನು ಆರಿಸಿಕೊಂಡಿರುವುದು ಮೊತ್ತಮೊದಲ ಸಮ್ಮೇಳನವನ್ನೇ. ಅದಕ್ಕೆ ಹೋಗಿದ್ದ ಒಬ್ಬ ತರುಣ ಲೇಖಕನ ಅನುಭವವನ್ನು. ಆತನ ಹೆಸರು ಐಸಾಕ್ ಅಸಿಮೋವ್.

ಆ ಸಮ್ಮೇಳನ ಹುಟ್ಟಿಕೊಂಡ ಬಗೆಯೇ ಸ್ವಾರಸ್ಯದ್ದು. ೧೯೨೬ರ ಏಪ್ರಿಲ್ ತಿಂಗಳಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ಅಮೆರಿಕದಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ. ಮುಖಪುಟದಲ್ಲಿ ಕಣ್ಣು ಕುಕ್ಕುವ ಬಣ್ಣದ ಚಿತ್ರ, ಒಳಗೆ ಅಗ್ಗದ ಒರಟು ಕಾಗದ. ಅದರಲ್ಲಿ ಚಂದ್ರಯಾನದ ಕಥೆಗಳಿದ್ದವು, ಕಾಲಯಂತ್ರಗಳಿದ್ದವು, ಬೇರೆ ಗ್ರಹದ ಜೀವಿಗಳಿದ್ದವು. ವಿದ್ವಾಂಸರು ಅದನ್ನು ಮೂಸಿಯೂ ನೋಡಲಿಲ್ಲ. ಆದರೆ ಪತ್ರಿಕೆಯ ಕೊನೆಯ ಪುಟಗಳಲ್ಲಿ ವಾಚಕರ ಪತ್ರಗಳು ಅಚ್ಚಾಗುತ್ತಿದ್ದವು, ಬರೆದವರ ಪೂರ್ಣ ವಿಳಾಸದೊಂದಿಗೆ. ಒಂದು ಸಣ್ಣ ಊರಿನಲ್ಲಿ ಇಂಥ ಕಥೆಗಳನ್ನು ಓದುವವನು ತಾನೊಬ್ಬನೇ ಎಂದುಕೊಂಡಿದ್ದ ಹುಡುಗನಿಗೆ, ತನ್ನಂಥವನೇ ಇನ್ನೊಬ್ಬ ಪಕ್ಕದ ಪಟ್ಟಣದಲ್ಲಿದ್ದಾನೆ ಎಂಬುದು ಆ ವಿಳಾಸದಿಂದ ತಿಳಿಯುತ್ತಿತ್ತು. ಹೀಗೆ ಪತ್ರವ್ಯವಹಾರ ಬೆಳೆಯಿತು. ಪತ್ರವ್ಯವಹಾರದಿಂದ ಊರೂರಿನ ಸಂಘಗಳಾದವು. ಸಂಘದವರು ಸ್ವಂತ ಖರ್ಚಿನಲ್ಲಿ ಪುಟ್ಟ ಪತ್ರಿಕೆಗಳನ್ನು ಹೊರಡಿಸಿದರು. ಆಮೇಲೆ ಎಲ್ಲರೂ ಒಂದೆಡೆ ಸೇರಬೇಕೆಂಬ ಹಂಬಲ ಮೂಡಿತು. ಸರ್ಕಾರವಾಗಲಿ, ವಿಶ್ವವಿದ್ಯಾಲಯವಾಗಲಿ, ಪರಿಷತ್ತಾಗಲಿ ಕಟ್ಟಿದ ಸಮ್ಮೇಳನ ಇದಲ್ಲ. ಅಂಚೆಯಣ್ಣ ಕಟ್ಟಿದ ಸಮ್ಮೇಳನ ಎಂದರೆ ತಪ್ಪಾಗಲಾರದು.

ಅಸಿಮೋವ್ ಇಂಥ ಪತ್ರ ಬರೆಯುವ ಹುಡುಗರಲ್ಲಿ ಒಬ್ಬ. ರಷ್ಯದಲ್ಲಿ ಹುಟ್ಟಿ, ಮೂರು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದವನು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ತಂದೆಗೆ ಮಿಠಾಯಿ ಅಂಗಡಿಯಿತ್ತು. ಅಂಗಡಿಯಲ್ಲಿ ಪತ್ರಿಕೆಗಳನ್ನೂ ಮಾರುತ್ತಿದ್ದರು. ಅಂಥ ಅಗ್ಗದ ಕಥೆಗಳನ್ನು ಮಗ ಓದಕೂಡದೆಂದು ತಂದೆಯ ಕಟ್ಟಪ್ಪಣೆ. ಒಂದು ಪತ್ರಿಕೆಯ ಹೆಸರಿನಲ್ಲಿ 'ಸೈನ್ಸ್' ಎಂಬ ಪದವಿರುವುದನ್ನು ತೋರಿಸಿ, ಇದು ವಿದ್ಯೆಗೆ ಸಂಬಂಧಿಸಿದ್ದು ಎಂದು ಹುಡುಗ ತಂದೆಯನ್ನು ಒಪ್ಪಿಸಿದನಂತೆ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತ, ಬಿಡುವಿನಲ್ಲಿ ಅಂಗಡಿಯ ಗಲ್ಲಾ ನೋಡಿಕೊಳ್ಳುತ್ತ, ೧೯೩೮ರಲ್ಲಿ ತನ್ನ ಮೊದಲ ಕಥೆಯನ್ನು ಹಿಡಿದುಕೊಂಡು 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಬೆಲ್‌ನ ಕಚೇರಿಗೆ ಹೋದ. ಕಥೆ ತಿರಸ್ಕೃತವಾಯಿತು, ಆದರೆ ಸಂಪಾದಕ ಕೂರಿಸಿ ಮಾತನಾಡಿಸಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈತ 'ಫ್ಯೂಚೂರಿಯನ್ಸ್' ಎಂಬ ಸಂಘವನ್ನು ಸೇರಿದ. ಭವಿಷ್ಯದವರು ಎಂದು ಅದರ ಅರ್ಥ. ೧೯೩೯ರ ಮಾರ್ಚ್ ಸಂಚಿಕೆಯ 'ಅಮೇಜಿಂಗ್ ಸ್ಟೋರೀಸ್'ನಲ್ಲಿ ಅವನ ಕಥೆಯೊಂದು ಮೊದಲಬಾರಿಗೆ ಅಚ್ಚಾಯಿತು. ಜುಲೈ ಹೊತ್ತಿಗೆ ಮೂರು ಕಥೆಗಳು ಪ್ರಕಟವಾಗಿದ್ದವು, ಮೂರನೆಯದು ಕ್ಯಾಂಬೆಲ್‌ನ ಪತ್ರಿಕೆಯಲ್ಲಿಯೇ. ಆಗ ಅವನಿಗೆ ಹತ್ತೊಂಬತ್ತು ವರ್ಷ.

ಆ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಯುತ್ತಿತ್ತು. 'ನಾಳಿನ ಲೋಕ' ಎಂಬುದು ಅದರ ಘೋಷವಾಕ್ಯ. ಪ್ರದರ್ಶನಕ್ಕೆ 'ವಿಶ್ವ' ಎಂಬ ಹೆಸರಿದ್ದಾಗ ನಮ್ಮ ಸಮ್ಮೇಳನಕ್ಕೇಕೆ ಇರಬಾರದೆಂದು ವಿಜ್ಞಾನ ಕಥೆಯ ಅಭಿಮಾನಿಗಳೂ ತಮ್ಮ ಕೂಟವನ್ನು ವಿಶ್ವ ಸಮ್ಮೇಳನವೆಂದೇ ಕರೆದುಕೊಂಡರು. ಜುಲೈ ೨ರಿಂದ ೪ರವರೆಗೆ, ಮ್ಯಾನ್‌ಹಟನ್ನಿನ ಐವತ್ತೊಂಬತ್ತನೆಯ ಬೀದಿಯ ಕ್ಯಾರವಾನ್ ಹಾಲ್‌ನಲ್ಲಿ ಅದು ಸೇರಿತು. ಬಂದವರು ಸುಮಾರು ಇನ್ನೂರು ಮಂದಿ. ಹೆಸರು ವಿಶ್ವದ್ದು, ಸಭೆ ಒಂದು ದೊಡ್ಡ ಮದುವೆಗಿಂತ ಚಿಕ್ಕದು. ಮುಖ್ಯ ಅತಿಥಿಯಾಗಿ ಅವರು ಆರಿಸಿದ್ದು ಪತ್ರಿಕೆಗಳ ಮುಖಪುಟ ಬರೆಯುತ್ತಿದ್ದ ಚಿತ್ರಗಾರ ಫ್ರ್ಯಾಂಕ್ ಪಾಲ್‌ನನ್ನು. ಲಾಸ್ ಏಂಜಲೀಸಿನಿಂದ ಬಂದಿದ್ದ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯದ ಮನುಷ್ಯರ ವೇಷದಲ್ಲಿ ಓಡಾಡಿದರು. ಉಡುಪುಗಳನ್ನು ಹೊಲಿದವಳು ಮರ್ಟಲ್ ಡಗ್ಲಸ್. ಮುಂದೆ ಜಗತ್ತಿನಾದ್ಯಂತ ಇಂಥ ಕೂಟಗಳಲ್ಲಿ ಸಾವಿರಾರು ಜನ ವೇಷ ಕಟ್ಟುವುದಕ್ಕೆ ಇದೇ ಮೊದಲ ಮಾದರಿ ಎನ್ನುತ್ತಾರೆ. ಅವರಿಬ್ಬರೂ ಎಸ್ಪೆರಾಂಟೊ ಭಾಷೆಯ ಅಭಿಮಾನಿಗಳು; ಮನುಕುಲಕ್ಕೆಲ್ಲ ಒಂದು ನುಡಿ ಸಾಧ್ಯವೆಂದು ನಂಬಿದವರು. ಸಭೆಯಲ್ಲಿ 'ಮೆಟ್ರೊಪೊಲಿಸ್' ಚಲನಚಿತ್ರವನ್ನು ತೋರಿಸಿದರು, ಭಾಷಣಗಳಾದವು, ಪತ್ರಿಕೆಗಳ ಮೂಲ ಚಿತ್ರಗಳನ್ನು ಹರಾಜು ಹಾಕಿದರು.

ಬಂದ ತರುಣರಲ್ಲಿ ಹದಿನೆಂಟು ವರ್ಷದ ರೇ ಬ್ರ್ಯಾಡ್‌ಬರಿಯೂ ಇದ್ದ. ಲಾಸ್ ಏಂಜಲೀಸಿನ ಬೀದಿಯ ಮೂಲೆಯಲ್ಲಿ ವೃತ್ತಪತ್ರಿಕೆ ಮಾರುತ್ತಿದ್ದ ಈ ಹುಡುಗನಿಗೆ ದಾರಿಯ ಖರ್ಚಿಗೆ ಆಕರ್‌ಮನ್ ಸಾಲ ಕೊಟ್ಟಿದ್ದ. ಬಸ್ಸಿನಲ್ಲಿ ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಂದವನು ತನ್ನ ಕೈಯಲ್ಲಿ ತಂದದ್ದು ಗೆಳೆಯನ ಚಿತ್ರಗಳನ್ನು. ಹ್ಯಾನಿಸ್ ಬಾಕ್ ಎಂಬ ಆ ಬಡ ಚಿತ್ರಗಾರನಿಗೆ ಬರಲು ಅನುಕೂಲವಿರಲಿಲ್ಲ. ಬ್ರ್ಯಾಡ್‌ಬರಿ ಆ ಚಿತ್ರಗಳನ್ನು ಅದ್ಭುತ ಕಥೆಗಳ ಪತ್ರಿಕೆಯಾದ 'ವಿಯರ್ಡ್ ಟೇಲ್ಸ್'ನ ಸಂಪಾದಕನಿಗೆ ತೋರಿಸಿದ. ಡಿಸೆಂಬರಿನ ಸಂಚಿಕೆಯ ಮುಖಪುಟದಲ್ಲಿಯೇ ಬಾಕ್‌ನ ಚಿತ್ರ ಅಚ್ಚಾಯಿತು. ಸಾಲ ಮಾಡಿ ಬಂದವನು ಇನ್ನೊಬ್ಬನ ಬಾಳಿಗೆ ದಾರಿ ಮಾಡಿದ. ಇಂಥ ಸಮ್ಮೇಳನಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಈ ಒಂದು ಸಂಗತಿಯೇ ಸಾಕು.

ಆದರೆ ಶ್ರೋತೃಗಳೆ, ಅದೇ ಸಭೆಯ ಬಾಗಿಲಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಸಮ್ಮೇಳನವನ್ನು ನಡೆಸಿದವರು ಸ್ಯಾಮ್ ಮಾಸ್ಕೊವಿಟ್ಜ್, ವಿಲಿಯಂ ಸಿಕೋರ, ಜೇಮ್ಸ್ ಟಾರಸಿ ಎಂಬ ಮೂವರು. ಇವರಿಗೂ ಅಸಿಮೋವ್ ಸೇರಿದ್ದ ಫ್ಯೂಚೂರಿಯನ್ ಸಂಘದವರಿಗೂ ಹಳೆಯ ವೈಮನಸ್ಯ. ಭವಿಷ್ಯವನ್ನು ಕನಸುವವನು ಅದನ್ನು ತರುವುದಕ್ಕೂ ದುಡಿಯಬೇಕು, ರಾಜಕೀಯದಿಂದ ದೂರ ನಿಲ್ಲಲಾಗದು ಎಂಬುದು ಫ್ಯೂಚೂರಿಯನ್ನರ ಮುಂದಾಳುಗಳ ವಾದ. ಕಥೆಯನ್ನು ಕಥೆಯಾಗಿ ಪ್ರೀತಿಸೋಣ, ಪಕ್ಷದ ಜಗಳವನ್ನು ಇಲ್ಲಿಗೆ ತರಬೇಡಿ ಎಂಬುದು ಇವರ ವಾದ. ನಮ್ಮ ಸಾಹಿತ್ಯಲೋಕಕ್ಕೂ ಅಪರಿಚಿತವಲ್ಲದ ವ್ಯಾಜ್ಯ. ಸಮ್ಮೇಳನದ ದಿನ ಸಂಚಾಲಕರ ಸರ್ವಾಧಿಕಾರವನ್ನು ಖಂಡಿಸುವ ಕರಪತ್ರಗಳ ಕಟ್ಟೊಂದು ಸಭಾಂಗಣದ ಬಳಿ ಸಿಕ್ಕಿತು. ಮಾಸ್ಕೊವಿಟ್ಜ್‌ಗೆ ಸಿಟ್ಟು ನೆತ್ತಿಗೇರಿತು. ಡೊನಾಲ್ಡ್ ವೊಲ್‌ಹೈಮ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲೂತ್, ರಾಬರ್ಟ್ ಲೌಂಡ್ಸ್, ಜಾನ್ ಮಿಷೆಲ್, ಜ್ಯಾಕ್ ಗಿಲೆಸ್ಪಿ, ಈ ಆರು ಮಂದಿಗೆ ಒಳಗೆ ಪ್ರವೇಶವಿಲ್ಲವೆಂದಾಯಿತು. ಗಲಭೆ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ಬಿಡುತ್ತೇನೆ ಎಂದು ತಾನು ಹೇಳಿದ್ದಾಗಿ ಮಾಸ್ಕೊವಿಟ್ಜ್ ಆಮೇಲೆ ಬರೆದ. ಇದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಆ ಕರಪತ್ರವನ್ನು ಬರೆದಿದ್ದ ಡೇವ್ ಕೈಲ್ ಎಂಬ ಹುಡುಗ ಯಾರ ಗಮನಕ್ಕೂ ಬಾರದೆ ಸಭೆಯೊಳಗೇ ಇದ್ದ!

ಈಗ ಅಸಿಮೋವ್‌ನ ಪಾಡನ್ನು ಊಹಿಸಿಕೊಳ್ಳಿ. ಹೊರಗೆ ನಿಂತವರು ತನ್ನ ಸಂಘದ ಗೆಳೆಯರು, ಒಳಗೆ ಇರುವವನು ತನ್ನ ಸಂಪಾದಕ ಕ್ಯಾಂಬೆಲ್. ತನ್ನನ್ನೂ ತಡೆದಾರೆಂಬ ಅಳುಕಿನಿಂದಲೇ ಆತ ಬಾಗಿಲಿಗೆ ಬಂದ. ಯಾರೂ ತಡೆಯಲಿಲ್ಲ. ಆತ ಆಗಲೇ ಕಥೆ ಅಚ್ಚಾದ ಲೇಖಕ. ಒಳಗೆ ಹೋಗಿ ಕುಳಿತ. ಪತ್ರಿಕೆಗಳಲ್ಲಿ ಹೆಸರು ಮಾತ್ರ ಕಂಡಿದ್ದ ಹಿರಿಯ ಲೇಖಕರನ್ನು ಕಣ್ಣಾರೆ ಕಂಡ. ಸಭೆಯಲ್ಲಿ ಅವನನ್ನೂ ವೇದಿಕೆಗೆ ಕರೆದರು. ಸಂಕೋಚದಿಂದ, ತನ್ನನ್ನೇ ಹಾಸ್ಯ ಮಾಡಿಕೊಳ್ಳುವ ಒಂದೆರಡು ಮಾತನ್ನಾಡಿ ಇಳಿದ. ಒಬ್ಬ ಹೊಸ ಬರಹಗಾರನಿಗೆ ಇದಕ್ಕಿಂತ ಧನ್ಯತೆಯ ದಿನ ಇನ್ನೇನಿದೆ? ಆದರೆ ಅದೇ ಹೊತ್ತಿನಲ್ಲಿ ಗೆಳೆಯರು ಹೊರಗಿದ್ದಾರೆ, ತಾನು ಎದ್ದು ಹೋಗಿ ಅವರ ಜೊತೆ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ ಎಂಬ ನಾಚಿಕೆ ಅವನನ್ನು ಕೊರೆಯಿತು. ದಶಕಗಳ ಬಳಿಕ, ನೂರಾರು ಪುಸ್ತಕಗಳ ಕರ್ತನಾಗಿ ಆತ್ಮಕಥೆ ಬರೆದಾಗಲೂ ಅಸಿಮೋವ್ ಈ ನಾಚಿಕೆಯನ್ನು ಮರೆಮಾಚಲಿಲ್ಲ.

ಈ ಚಿಕ್ಕ ಘಟನೆಗೆ ಇಷ್ಟು ಮಹತ್ವವೇಕೆ ಎಂದು ತಾವು ಕೇಳಬಹುದು. ಆರು ಹುಡುಗರು ಒಂದು ಸಭೆಯ ಹೊರಗೆ ಉಳಿದದ್ದು ಚರಿತ್ರೆಯ ಮಹಾಪರ್ವವೇನಲ್ಲ. ಮೂವರು ಸಂಚಾಲಕರೂ ಖಳರಲ್ಲ. ತಮ್ಮ ಶ್ರಮದಿಂದ ಒಂದು ಸಮ್ಮೇಳನವನ್ನು ಕಟ್ಟಿದವರು. ಹತ್ತೊಂಬತ್ತು ವರ್ಷದ ಮಾಸ್ಕೊವಿಟ್ಜ್‌ಗೆ ಅದು ಎಲ್ಲಿ ಕೆಟ್ಟುಹೋದೀತೋ ಎಂಬ ಭಯ. ಆದರೆ ಆ ಸಭೆಯೊಳಗಿನ ಮಾತುಗಳನ್ನು ನೆನೆಯಿರಿ. ಅಲ್ಲಿ ಚರ್ಚೆಯಾಗುತ್ತಿದ್ದುದು ಗ್ರಹಾಂತರದ ಜೀವಿಗಳೊಡನೆ ಮನುಷ್ಯನ ಸ್ನೇಹ. ಅಲ್ಲಿದ್ದವರು ಕಾಲವನ್ನು ದಾಟಬಲ್ಲವರು, ನಕ್ಷತ್ರಗಳನ್ನು ನೆರೆಮನೆಯಾಗಿಸಬಲ್ಲವರು. ಅಂಥವರಿಗೆ ತಮ್ಮದೇ ಊರಿನ, ತಮ್ಮದೇ ವಯಸ್ಸಿನ, ತಮ್ಮದೇ ಹವ್ಯಾಸದ ಆರು ಮಂದಿಯನ್ನು ಹೊಸ್ತಿಲು ದಾಟಿಸಿಕೊಳ್ಳಲಾಗಲಿಲ್ಲ. ದೂರದ ಪರಕೀಯನನ್ನು ಕಲ್ಪನೆಯಲ್ಲಿ ಸತ್ಕರಿಸುವುದು ಸುಲಭ. ಎದುರಿಗೆ ನಿಂತು ವಾದ ಹೂಡುವ ನೆರೆಯವನನ್ನು ಸಹಿಸುವುದು ಕಷ್ಟ. ಇದು ವಿಜ್ಞಾನ ಕಥೆಯವರ ದೋಷವೆಂದು ನಗುವ ಹಾಗಿಲ್ಲ. ಎಲ್ಲ ಸಾಹಿತ್ಯಸಮಾಜಗಳೂ ಎದುರಿಸಬೇಕಾದ ಪರೀಕ್ಷೆ ಇದೇ. ಎರಡು ತಿಂಗಳೊಳಗೆ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ೧೯೪೨ರಿಂದ ೧೯೪೫ರವರೆಗೆ ಸಮ್ಮೇಳನವೇ ನಿಂತುಹೋಯಿತು. ನಾಳಿನ ಲೋಕ ಬಂದದ್ದು ಆ ಪ್ರದರ್ಶನದಲ್ಲಿ ತೋರಿಸಿದ ರೂಪದಲ್ಲಿ ಅಲ್ಲ.

ಕಾಲ ಮಾಡುವ ತಮಾಷೆಯನ್ನೂ ಇಲ್ಲಿ ಹೇಳಬೇಕು. ಹೊರಗೆ ಉಳಿದ ಆರು ಮಂದಿಯಲ್ಲಿ ಪೋಲ್ ಮುಂದೆ ಈ ಪ್ರಕಾರದ ಮುಖ್ಯ ಸಂಪಾದಕರಲ್ಲೊಬ್ಬನಾದ, ಶ್ರೇಷ್ಠ ಕಾದಂಬರಿಕಾರನಾದ. ವೊಲ್‌ಹೈಮ್ ೧೯೭೧ರಲ್ಲಿ ಪ್ರಸಿದ್ಧವಾದ ಪ್ರಕಟನ ಸಂಸ್ಥೆಯೊಂದನ್ನು ಸ್ಥಾಪಿಸಿದ. ಅದೇ ವಿಶ್ವ ಸಮ್ಮೇಳನ ೧೯೭೨ರಲ್ಲಿ ಪೋಲ್‌ನನ್ನೂ ೧೯೮೮ರಲ್ಲಿ ವೊಲ್‌ಹೈಮ್‌ನನ್ನೂ ಗೌರವ ಅತಿಥಿಗಳಾಗಿ ಕರೆಯಿತು. ಕರಪತ್ರ ಬರೆದ ಡೇವ್ ಕೈಲ್ ತಾನೇ ೧೯೫೬ರ ಸಮ್ಮೇಳನದ ಅಧ್ಯಕ್ಷನಾದ. ಅಸಿಮೋವ್‌ನ 'ಫೌಂಡೇಷನ್' ಕಥೆಗಳನ್ನು ಮೊದಲು ಪುಸ್ತಕರೂಪದಲ್ಲಿ ಹೊರತಂದ ಸಂಸ್ಥೆ ಆತನೂ ಸೇರಿ ಕಟ್ಟಿದ್ದು. ೧೯೫೫ರಲ್ಲಿ ಕ್ಲೀವ್‌ಲ್ಯಾಂಡಿನ ಸಮ್ಮೇಳನಕ್ಕೆ ಅಸಿಮೋವ್ ಗೌರವ ಅತಿಥಿ. ಆ ಬಾರಿ ಮುಂಚೆ ಹೆಸರು ಹೇಳದೆ ಇನ್ನೊಬ್ಬ ಅತಿಥಿಯನ್ನೂ ಆರಿಸಿದ್ದರು. ಆತ ಸ್ಯಾಮ್ ಮಾಸ್ಕೊವಿಟ್ಜ್! ಹೊರಗೆ ತಳ್ಳಿಸಿಕೊಂಡವರು ಮುನಿದು ಬೇರೆ ಲೋಕ ಕಟ್ಟಿಕೊಳ್ಳಲಿಲ್ಲ, ತಳ್ಳಿದವನನ್ನು ಲೋಕ ಬಹಿಷ್ಕರಿಸಲಿಲ್ಲ. ಸಭೆ ಎಲ್ಲರನ್ನೂ ನಿಧಾನವಾಗಿ ಒಳಗೆ ತೆಗೆದುಕೊಂಡಿತು.

ಇದು ಸಾಧ್ಯವಾದದ್ದು ಹೇಗೆ? ಆ ಸಮ್ಮೇಳನ ಓದುಗರ ಕೈಯಲ್ಲಿ ಉಳಿದದ್ದರಿಂದ ಎಂದು ನನ್ನ ತಿಳಿವಳಿಕೆ. ಅದಕ್ಕೆ ಶಾಶ್ವತವಾದ ಪೀಠವಿಲ್ಲ. ವರ್ಷಕ್ಕೊಂದು ಊರು, ವರ್ಷಕ್ಕೊಂದು ಸಮಿತಿ. ದುಡಿಯುವವರು ಸಂಬಳವಿಲ್ಲದ ಅಭಿಮಾನಿಗಳು. ೧೯೫೩ರಿಂದ ಗರ್ನ್ಸ್‌ಬ್ಯಾಕ್‌ನ ಹೆಸರಿನಲ್ಲಿ ಕೊಡುತ್ತ ಬಂದಿರುವ ಹ್ಯೂಗೋ ಪ್ರಶಸ್ತಿಯನ್ನು ವಿದ್ವಾಂಸರ ಸಮಿತಿ ನಿರ್ಣಯಿಸುವುದಿಲ್ಲ. ಚಂದಾ ಕೊಟ್ಟು ಸದಸ್ಯರಾದ ಓದುಗರು ಮತ ಹಾಕುತ್ತಾರೆ. ೧೯೬೬ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಕಥಾಮಾಲೆಯನ್ನು ಆರಿಸಬೇಕಾಗಿ ಬಂದಾಗ ಕಣದಲ್ಲಿ ಟೋಲ್ಕಿನ್‌ನ ಮಹಾಕಥೆಯೂ ಇತ್ತು, ಅಸಿಮೋವ್‌ನ 'ಫೌಂಡೇಷನ್' ಮಾಲೆಯೂ ಇತ್ತು, ಗೆದ್ದದ್ದು 'ಫೌಂಡೇಷನ್'. ವಿಜ್ಞಾನ ಕಥೆಗೂ ಅದ್ಭುತ ಕಥೆಗೂ ಅಲ್ಲಿ ಒಂದೇ ಪಂಕ್ತಿ. ೧೯೭೫ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಸಮ್ಮೇಳನಕ್ಕೆ ಗೌರವ ಅತಿಥಿಯಾಗಿ ಹೋದ ಅರ್ಸುಲ ಲೆಗ್ವಿನ್ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಮರಳಲಿಲ್ಲ. ಅಲ್ಲಿನ ಹೊಸ ಬರಹಗಾರರನ್ನು ಕೂಡಿಸಿಕೊಂಡು ಬರವಣಿಗೆಯ ಶಿಬಿರ ನಡೆಸಿದರು. ಅಲ್ಲಿ ಹುಟ್ಟಿದ ಕಥೆಗಳು ಮರುವರ್ಷ ಪುಸ್ತಕವಾದವು. ೧೯೧೫ರಿಂದ ಸಮ್ಮೇಳನಗಳನ್ನು ನಡೆಸಿಕೊಂಡು ಬಂದಿರುವ ಕನ್ನಡಿಗರಾದ ನಾವು ಅಧ್ಯಕ್ಷರ ಮೆರವಣಿಗೆಯ ವೈಭವವನ್ನು ಬಲ್ಲೆವು. ಆ ವೈಭವ ಮುಗಿದ ಮೇಲೆ ಲೇಖಕ ಓದುಗನ ಪಕ್ಕದ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರುತ್ತಾನೆ ಎಂಬ ಪ್ರಶ್ನೆಯನ್ನು ಈ ಹೊರನಾಡಿನ ಜಾತ್ರೆ ನಮ್ಮ ಮುಂದಿಡುತ್ತದೆ.

ಹೀಗೆಂದು ಆ ಲೋಕವನ್ನು ಆದರ್ಶವಾಗಿ ಮೆರೆಸುವುದೂ ಸರಿಯಲ್ಲ. ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗೆ ಹೋದವರೆಲ್ಲರಿಗೂ ಆದರ ಸಿಕ್ಕಿತೆಂದಲ್ಲ. ಗೆಳೆಯರನ್ನು ನೆನೆದು ನಾಚಿದ ಅಸಿಮೋವ್, ತಾನೇ ಪ್ರಸಿದ್ಧನಾದ ಮೇಲೆ ಇಂಥ ಸಮ್ಮೇಳನಗಳಲ್ಲಿ ಹೆಂಗಸರ ಮೈಮುಟ್ಟಿ ಸಲಿಗೆ ತೋರುತ್ತಿದ್ದ. ಅದನ್ನು ವಿನೋದವೆಂದು ಸುತ್ತಲಿನವರು ನಕ್ಕು ಬಿಟ್ಟರು, ಅದರ ಕಹಿ ಉಂಡವರ ಮಾತು ಬಹುಕಾಲ ಕೇಳಿಸಲಿಲ್ಲ. ಮಹಾ ಸಂಪಾದಕನೆಂದು ಹೆಸರಾದ ಕ್ಯಾಂಬೆಲ್, ಕಥಾನಾಯಕ ಕರಿಯನೆಂಬ ಕಾರಣಕ್ಕೆ ಓದುಗರು ಒಪ್ಪಲಾರರೆಂದು ಸ್ಯಾಮ್ಯುಯೆಲ್ ಡಿಲೇನಿಯವರ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಲು ನಿರಾಕರಿಸಿದನೆಂದು ಡಿಲೇನಿಯವರೇ ಬರೆದಿದ್ದಾರೆ. ೨೦೧೯ರಲ್ಲಿ ಡಬ್ಲಿನ್ನಿನ ಸಮ್ಮೇಳನದಲ್ಲಿ ಕ್ಯಾಂಬೆಲ್ ಹೆಸರಿನ ಪ್ರಶಸ್ತಿಯನ್ನು ಪಡೆದ ಹೊಸ ಲೇಖಕಿ ಜನೆಟ್ ಎಂಗ್, ಅದೇ ವೇದಿಕೆಯಲ್ಲಿ ನಿಂತು ಕ್ಯಾಂಬೆಲ್‌ನ ವಿಚಾರಗಳನ್ನು ಕಟುವಾಗಿ ಖಂಡಿಸಿದರು. ಆ ತಿಂಗಳೇ ಪ್ರಶಸ್ತಿಯ ಹೆಸರು ಬದಲಾಯಿತು. ಮರುವರ್ಷ ಆ ಭಾಷಣಕ್ಕೇ ಓದುಗರು ಹ್ಯೂಗೋ ಪ್ರಶಸ್ತಿ ಕೊಟ್ಟರು. ೧೯೩೯ರಲ್ಲಿ ಟೀಕೆಯ ಕರಪತ್ರವನ್ನು ಕಂಡು ಬಾಗಿಲು ಹಾಕಿದ ಸಭೆ, ಎಂಬತ್ತು ವರ್ಷಗಳ ಮೇಲೆ ಟೀಕೆಯನ್ನು ವೇದಿಕೆಯ ಮೇಲೆಯೇ ಕೇಳಿಸಿಕೊಂಡಿತು.

ಪಾಠ ಪೂರ್ತಿಯಾಯಿತೆಂದು ತಿಳಿಯುವಷ್ಟರಲ್ಲಿ ೨೦೨೩ ಬಂತು. ಆ ಅಕ್ಟೋಬರಿನಲ್ಲಿ ಸಮ್ಮೇಳನ ಚೀನದ ಚೆಂಗ್ಡು ನಗರದಲ್ಲಿ ನಡೆಯಿತು. ೨೦೦೭ರ ಯೊಕೊಹಾಮ ಸಮ್ಮೇಳನವನ್ನು ಬಿಟ್ಟರೆ ಏಷ್ಯದಲ್ಲಿ ನಡೆದದ್ದು ಇದೊಂದೇ. ಸರೋವರದ ದಡದಲ್ಲಿ ಹೊಸದಾಗಿ ಕಟ್ಟಿದ ಭವ್ಯ ವಿಜ್ಞಾನ ಕಥಾ ಸಂಗ್ರಹಾಲಯವೇ ಸಭಾಂಗಣ. ಚೀನದ ತರುಣ ಓದುಗರ ಉತ್ಸಾಹ ಅಸೀಮ. ಆದರೆ ೨೦೨೪ರ ಜನವರಿಯಲ್ಲಿ ಪ್ರಶಸ್ತಿಯ ಮತಗಳ ವಿವರ ಹೊರಬಿದ್ದಾಗ, ಸಾಕಷ್ಟು ಮತ ಪಡೆದಿದ್ದ ಕೆಲವು ಕೃತಿಗಳನ್ನೂ ಲೇಖಕರನ್ನೂ 'ಅರ್ಹತೆಯಿಲ್ಲ' ಎಂಬ ಒಂದೇ ಮಾತಿನಿಂದ ಪಟ್ಟಿಯಿಂದ ಹೊರಗಿಟ್ಟಿದ್ದರೆಂದು ತಿಳಿಯಿತು. ಆರ್. ಎಫ್. ಕುವಾಂಗ್ ಅವರ 'ಬೇಬಲ್' ಕಾದಂಬರಿ ಅವುಗಳಲ್ಲೊಂದು; ಲೇಖಕರೇ ಮತ ಹಾಕಿ ಕೊಡುವ ನೆಬ್ಯುಲ ಪ್ರಶಸ್ತಿಯನ್ನು ಅದೇ ವರ್ಷ ಗೆದ್ದ ಕೃತಿ ಅದು. ಪ್ರಶಸ್ತಿಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಪಾಶ್ಚಾತ್ಯರೇ ಲೇಖಕರ ರಾಜಕೀಯದ ಮಾತುಗಳನ್ನು ಹುಡುಕಿ ಟಿಪ್ಪಣಿ ಮಾಡಿಟ್ಟಿದ್ದರೆಂಬುದು ಫೆಬ್ರವರಿಯಲ್ಲಿ ಬಯಲಾಯಿತು. ೧೯೩೯ರಲ್ಲಿ ಬಾಗಿಲಲ್ಲಿ ತಡೆದವನು ಮುಖಾಮುಖಿ ನಿಂತು ಜಗಳವಾಡಿದ್ದ. ಈ ಬಾರಿಯ ತಡೆ ಸದ್ದಿಲ್ಲದ್ದು. ತಮ್ಮನ್ನು ತಡೆದದ್ದು ಹೊರಗಿದ್ದವರಿಗೇ ತಿಳಿಯಲಿಲ್ಲ. ಎರಡರಲ್ಲಿ ಹೆಚ್ಚು ಅಪಾಯದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಗಮನಿಸಬೇಕಾದ ಅಂಶವೊಂದಿದೆ. ಈ ಅನ್ಯಾಯವನ್ನು ಹೊರಗೆಳೆದವರು ಓದುಗರು. ಅಂಕಿಗಳನ್ನು ಕುಳಿತು ಕೂಡಿ ಕಳೆದು, ಲೆಕ್ಕ ಕೂಡುತ್ತಿಲ್ಲವೆಂದು ಕೂಗಿದವರು ಅವರೇ. ಮರುವರ್ಷ ಗ್ಲಾಸ್ಗೋ ಸಮ್ಮೇಳನದವರು ೩೭೭ ಮತಗಳು ಅಕ್ರಮವೆಂದು ಕಂಡಾಗ ಅದನ್ನು ಮುಚ್ಚಿಡದೆ, ಸಂಖ್ಯೆಯನ್ನೂ ಕಾರಣವನ್ನೂ ಮೊದಲೇ ಪ್ರಕಟಿಸಿ, ಅವುಗಳನ್ನು ತಳ್ಳಿಹಾಕಿದರು. ಒಂದು ಸಾಹಿತ್ಯಸಮಾಜದ ಆರೋಗ್ಯವನ್ನು ಅಳೆಯಬೇಕಾದದ್ದು ಅಲ್ಲಿ ತಪ್ಪು ನಡೆಯಿತೇ ಇಲ್ಲವೇ ಎಂಬುದರಿಂದಲ್ಲ. ನಡೆದ ತಪ್ಪನ್ನು ಕೇಳುವವರು ಒಳಗೇ ಇದ್ದಾರೆಯೇ ಎಂಬುದರಿಂದ.

ಲೇಖಕನೊಬ್ಬ ಇಂಥ ಸಮ್ಮೇಳನಕ್ಕೆ ಏತಕ್ಕೆ ಹೋಗಬೇಕು? ಹೊಗಳಿಕೆಗಾಗಿ ಹೋದವನಿಗೆ ಹೊಗಳಿಕೆ ಸಿಗುತ್ತದೆ, ಅಷ್ಟೇ. ಕಣ್ಣು ತೆರೆದು ಹೋದವನಿಗೆ ಇನ್ನೂ ಹೆಚ್ಚಿನದು ಸಿಗುತ್ತದೆ. ತನ್ನ ಬರಹ ತನ್ನೊಬ್ಬನದಲ್ಲ, ಅದನ್ನು ಓದಿ ಬೆಳೆಸಿದ ಒಂದು ಬಳಗವಿದೆ ಎಂಬ ಅರಿವು ಮೂಡುತ್ತದೆ. ಆ ಬಳಗದ ಬಾಗಿಲನ್ನು ಯಾರು ಕಾಯುತ್ತಾರೆ, ಯಾರನ್ನು ತಡೆಯುತ್ತಾರೆ ಎಂಬುದು ತನಗೂ ಸಂಬಂಧಿಸಿದ ವಿಚಾರ ಎಂಬ ಹೊಣೆಯೂ ಅದರ ಜೊತೆಗೇ ಬರುತ್ತದೆ. ಹತ್ತೊಂಬತ್ತರ ಅಸಿಮೋವ್‌ಗೆ ಆ ಜುಲೈನಲ್ಲಿ ಸಿಕ್ಕಿದ್ದು ಇವೆರಡೂ. ಮೊದಲನೆಯದು ಅವನಿಗೆ ಸಂತೋಷ ಕೊಟ್ಟಿತು. ಎರಡನೆಯದು ಬಾಳಿನುದ್ದಕ್ಕೂ ಚುಚ್ಚಿತು. ಮುಂದಿನ ಕಾಲವನ್ನು ಕುರಿತು ಬರೆಯುವವರಿಗಂತೂ ಈ ಚುಚ್ಚು ಅವಶ್ಯ. ಏಕೆಂದರೆ ನಾಳೆ ಎಂಬುದು ಎಲ್ಲಿಯೋ ದೂರದ ನಕ್ಷತ್ರಗಳಲ್ಲಿ ತಯಾರಾಗುವುದಿಲ್ಲ; ಇವತ್ತು ನಾವು ಸೇರಿರುವ ಸಭೆಯಲ್ಲಿ ಪಕ್ಕದ ಕುರ್ಚಿಯನ್ನು ಯಾರಿಗೆ ಬಿಟ್ಟುಕೊಡುತ್ತೇವೆ ಎಂಬುದರಿಂದಲೇ ಅದರ ಆರಂಭ.